ನಮ್ಮ ಹೆದ್ದಾರಿಗೂ ನೀರು ಇಂಗುವ ಡಾಮರು ಬೇಕು

ಜುಲೈಯಲ್ಲಿ ಪಡುಬಿದ್ರಿಯಿಂದ ಸುರತ್ಕಲ್ ಕಡೆಗೆ ಹೆದ್ದಾರಿ 66ರಲ್ಲಿ ಲಾರಿಯ ಹಿಂದೆ ಹೋದವರಿಗೆ ಗೊತ್ತು, ಆಕಾಶದಿಂದ ಬೀಳುವ ಮಳೆಗಿಂತ ಚಕ್ರ ಎಬ್ಬಿಸುವ ನೀರೇ ಹೆಚ್ಚು ಕಣ್ಣು ಕಟ್ಟುತ್ತದೆ. ವೈಪರ್ ಎಷ್ಟು ಜೋರಾಗಿ ಓಡಿದರೂ ಮುಂದಿನ ಬ್ರೇಕ್ ಲೈಟ್ ಮಸುಕು. ಬೈಕಿನವರ ಪಾಡಂತೂ ಕೇಳುವುದೇ ಬೇಡ.

ನಾನೀಗ ಇರುವ ನೆದರ್‌ಲ್ಯಾಂಡ್ಸ್‌ನಲ್ಲಿ ಹೆದ್ದಾರಿಗಳ ಶೇ. 90ಕ್ಕೂ ಹೆಚ್ಚು ಭಾಗಕ್ಕೆ ರಂಧ್ರವಿರುವ ಡಾಮರು ಹಾಕಿದ್ದಾರೆ. ಮೇಲ್ಪದರದಲ್ಲಿ ಸುಮಾರು ಶೇ. 20ರಷ್ಟು ಖಾಲಿ ಜಾಗ. ಅದರ ತುಂಡೊಂದರ ಮೇಲೆ ಲೋಟ ನೀರು ಹೊಯ್ದರೆ ನೋಡನೋಡುತ್ತಲೇ ಅಡಿಯಿಂದ ಸೋರುತ್ತದೆ. ರಸ್ತೆಯಲ್ಲಾದರೆ ಒಳಗಿಳಿದ ನೀರು ಕೆಳಗಿನ ಗಟ್ಟಿ ಪದರದ ಮೇಲೆ ಹರಿದು ಬದಿ ಸೇರುತ್ತದೆ.

ರಂಧ್ರ ಬಿಟ್ಟ ಮಾತ್ರಕ್ಕೆ ಟೈರಿಗೆ ಹಿಡಿತ ಸಿಗುತ್ತದೆಂದಲ್ಲ. ಹೊಸ ರಸ್ತೆಯಲ್ಲಿ ಜಲ್ಲಿಗೆ ಬಿಟುಮೆನ್, ಅಂದರೆ ಕಲ್ಲುಗಳನ್ನು ಹಿಡಿದಿಡುವ ಕಪ್ಪು ಅಂಟು, ದಪ್ಪಗೆ ಅಂಟಿಕೊಂಡಿರುತ್ತದೆ. ಕಲ್ಲಿನ ತರಿ ಟೈರಿಗೆ ತಾಗುವುದೇ ಇಲ್ಲ, ಬ್ರೇಕ್ ಹಾಕಿದ ಗಾಡಿ ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಡಾಮರು ಬಿಸಿಯಿರುವಾಗಲೇ ಸಣ್ಣ ಕಲ್ಲುಪುಡಿ ಉದುರಿಸಿ ರೋಲರ್ ಓಡಿಸುತ್ತಾರೆ. ಬಿಟುಮೆನ್ ಇಳಿದು ಒಂದೆಡೆ ಸೇರದಂತೆ ಸೆಲ್ಯುಲೋಸ್ ನಾರು ಬೆರೆಸುತ್ತಾರೆ.

ನಮ್ಮ ಕರಾವಳಿಗೆ ಅಷ್ಟು ಸಾಲದು. ಏಪ್ರಿಲ್ ಬಿಸಿಲಿಗೆ ಬಿಟುಮೆನ್ ಮೆತ್ತಗಾಗಿ ಮೇಲೆ ಬಂದರೆ ರಸ್ತೆ ನುಣುಪಾಗುತ್ತದೆ. ಅದನ್ನು ತಡೆಯಲು ಪಾಲಿಮರ್ ಅಥವಾ ಹಳೆ ಟೈರಿನ ರಬ್ಬರ್ ಪುಡಿ ಬೇಕು. ಮಳೆ ಶುರುವಾದ ಮೇಲೆ ನೀರು ಕಲ್ಲಿನಿಂದ ಬಿಟುಮೆನ್ನನ್ನು ಬಿಡಿಸುತ್ತದೆ, ಜಲ್ಲಿ ಕಿತ್ತು ಬರುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವಲ್ಲಿ ಸ್ವಲ್ಪ ಅರಳಿದ ಸುಣ್ಣ ಬೆರೆಸುವುದು ದುಂದುವೆಚ್ಚವಲ್ಲ, ಅದು ಅಂಟನ್ನು ಉಳಿಸುತ್ತದೆ. ಆದರೆ ಟೈರಿಗೆ ಸವೆದು ಬೇಗ ನಯವಾಗುವ ಕಲ್ಲನ್ನು ಆರಿಸಿದರೆ ಯಾವ ಬೆರಕೆಯೂ ಕಾಪಾಡದು.

ಇದು ಪರದೇಶದ ವಿದ್ಯೆ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯಲ್ಲಿ ಇಂಥ ಮಿಶ್ರಣಗಳ ಅಧ್ಯಯನ ಬಹಳ ಹಿಂದೆಯೇ ನಡೆದಿದೆ. ಬಿಟುಮೆನ್ ಅಲ್ಲೇ ಹತ್ತಿರದ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿ ತಯಾರಾಗುತ್ತದೆ.

ಎಲ್ಲೆಡೆ ಹಾಕಿ ಎನ್ನುತ್ತಿಲ್ಲ. ಗಾಡಿಗಳು ವೇಗವಾಗಿ ಓಡುವಲ್ಲಿ ಟೈರುಗಳೇ ರಂಧ್ರದ ಕೊಳೆಯನ್ನು ಎಳೆದು ತೆಗೆಯುತ್ತವೆ, ಪೇಟೆಯೊಳಗೆ ಹಾಗಾಗುವುದಿಲ್ಲ. ಕೆಂಪು ಮಣ್ಣಿನ ಟಿಪ್ಪರ್‌ಗಳು ಹೆದ್ದಾರಿ ಸೇರುವ ಜಾಗದಲ್ಲಿ ಒಂದೇ ಮಳೆಗಾಲಕ್ಕೆ ರಂಧ್ರ ಮುಚ್ಚೀತು. ಊರು, ಅಡ್ಡರಸ್ತೆ ಕಡಿಮೆಯಿರುವ ಒಂದೆರಡು ಕಿಲೋಮೀಟರನ್ನು ಆರಿಸಿ ಮೊದಲು ಹಾಕಲಿ. ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಗೆ ಮುಂಚೆ ಬದಿಯ ಚರಂಡಿ ಬಿಡಿಸುವುದು, ನೀರಿನ ಒತ್ತಡದಿಂದ ರಂಧ್ರ ತೊಳೆಯುವುದು, ಮಳೆ ಮುಗಿದ ಮೇಲೆ ಹಿಡಿತ ಅಳೆಯುವುದು, ಇಷ್ಟನ್ನೂ ಗುತ್ತಿಗೆಯಲ್ಲೇ ಬರೆಸಿಕೊಳ್ಳಲಿ.