ಧರಣಿಗೆ ನೀವು, ದಿಲ್ಲಿಗೆ ಅವರು

ಸೋತ ಪಕ್ಷದವರು ಮೊದಲು ಮತಯಂತ್ರವನ್ನು ಬೈಯುವುದು, ತಿಂಗಳೆರಡು ಕಳೆದ ಮೇಲೆ ಗೆದ್ದವರ ಮನೆಗೆ ಹಾರ ಹಿಡಿದು ಹೋಗುವುದು ನಮ್ಮ ಕಡೆ ಮಾಮೂಲು. ಎಡಪಕ್ಷದವರು ಹಾಗಲ್ಲ. ಸೋತರೆ ಕೂತು ವರದಿ ಬರೆಯುತ್ತಾರೆ. ಆ ವರದಿ ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ, ಅಲ್ಲಿಂದ ದಿಲ್ಲಿಯ ಕೇಂದ್ರ ಸಮಿತಿಗೆ ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. ಹತ್ತುವಾಗ ‘ಗೂಳೂರು ಕಡೆ ನಮ್ಮ ಹುಡುಗರೇ ಬೂತಿನಲ್ಲಿ ಕೂರಲಿಲ್ಲ’ ಎಂದಿದ್ದ ಸಾಲು ಇಳಿಯುವ ಹೊತ್ತಿಗೆ ‘ನವ ಉದಾರವಾದಿ ನೀತಿಗಳ ಹಿನ್ನೆಲೆಯಲ್ಲಿ ತಲೆದೋರಿದ ಸಂಘಟನಾತ್ಮಕ ದೌರ್ಬಲ್ಯ’ ಆಗಿರುತ್ತದೆ. ಅಲ್ಲಿಗೆ ಸೋಲಿಗೆ ಜಗತ್ತಿನ ಪರಿಸ್ಥಿತಿ ಹೊಣೆ. ಬೂತಿನಲ್ಲಿ ಕೂರಬೇಕಾಗಿದ್ದವನು ಅವತ್ತು ಅತ್ತೆ ಊರಿನ ಜಾತ್ರೆಗೆ ಹೋಗಿದ್ದ ಅನ್ನುವುದು ಮಾತ್ರ ಯಾವ ಪುಟದಲ್ಲೂ ಸಿಗುವುದಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿಯವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ರಾಜ್ಯದ ಬೇರೆ ಕಡೆ ಕಮ್ಯುನಿಸ್ಟ್ ಅಂದರೆ ಗಡ್ಡ, ಜೋಳಿಗೆ, ಕಾಫಿ. ಇಲ್ಲಿ ‘ಎರ್ರ ಜೆಂಡಾ’ದವನು, ಕೆಂಬಾವುಟದವನು, ಅಂದರೆ ಪಕ್ಕದ ಮನೆಯ ಚಿಕ್ಕಪ್ಪ. ಎ.ವಿ. ಅಪ್ಪಸ್ವಾಮಿ ರೆಡ್ಡಿ ಇದೇ ಬಾವುಟ ಹಿಡಿದು ಗೆದ್ದ ಊರು ಇದು. 1994ರಲ್ಲಿ, ಮತ್ತೆ 2004ರಲ್ಲಿ ಜಿ.ವಿ. ಶ್ರೀರಾಮರೆಡ್ಡಿ ಸಿಪಿಎಂನಿಂದ ವಿಧಾನಸೌಧದ ಮೆಟ್ಟಿಲು ಹತ್ತಿದ್ದೂ ಇಲ್ಲಿಂದಲೇ. 2018ರಲ್ಲಿ ಸೋತಾಗಲೂ ಅವರಿಗೆ 50 ಸಾವಿರಕ್ಕೂ ಮೇಲೆ ಓಟು ಬಿದ್ದಿತ್ತು. ಆಮೇಲೆ ಅವರಿಗೂ ಪಕ್ಷಕ್ಕೂ ದಾರಿ ಬೇರೆಯಾಯಿತು. 2022ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಪಕ್ಷ ಮೂರನೇ ಜಾಗಕ್ಕೆ ಬಂತು. ಪಕ್ಕದ ಕೋಲಾರ ಜಿಲ್ಲೆಯ ಕೆಜಿಎಫ್ ಕೂಡ ಒಂದು ಕಾಲಕ್ಕೆ ಕಮ್ಯುನಿಸ್ಟರನ್ನು ವಿಧಾನಸಭೆಗೆ ಕಳಿಸಿದ ಊರೇ. 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳು ಈಗ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಕೂಲಿಯೇ ದಿನಾ ಊರು ಬಿಟ್ಟು ಹೋದರೆ ಯೂನಿಯನ್ ಆಫೀಸಿನ ಬೀಗ ತೆಗೆಯುವವರು ಯಾರು?

ಇರಲಿ. ಎಂಎಲ್‌ಎ ಚುನಾವಣೆಯಲ್ಲಿ ಅಷ್ಟಿಷ್ಟು ಕಾಣುವ ಈ ಓಟು ಎಂಪಿ ಚುನಾವಣೆ ಬಂದ ಕೂಡಲೇ ಎಲ್ಲಿಗೆ ಹೋಗುತ್ತದೆ? ಒಂದು ಕಾರಣ ನಕ್ಷೆಯಲ್ಲೇ ಇದೆ. ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರ ಆಂಧ್ರದ ಗಡಿಯ ಬಾಗೇಪಲ್ಲಿಯಲ್ಲಿ ಶುರುವಾಗಿ ಗೌರಿಬಿದನೂರು, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತಿ, ಯಲಹಂಕದ ಅಪಾರ್ಟ್‌ಮೆಂಟುಗಳನ್ನು ದಾಟಿ, ನೆಲಮಂಗಲದ ಟೋಲ್ ತನಕ ಹರಡಿದೆ. ಇದೇ ಜಿಲ್ಲೆಯ ಚಿಂತಾಮಣಿ, ಶಿಡ್ಲಘಟ್ಟ ಮಾತ್ರ ಕೋಲಾರ ಕ್ಷೇತ್ರಕ್ಕೆ ಸೇರಿವೆ. ಶೇಂಗಾ ಬೆಳೆದವನಿಗೂ ಯಲಹಂಕದ ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟು ಕೆಟ್ಟಿದೆಯೆಂದು ಗೊಣಗುವವನಿಗೂ ಒಬ್ಬನೇ ಎಂಪಿ. ಇವರಿಬ್ಬರನ್ನೂ ‘ದುಡಿಯುವ ವರ್ಗ’ ಎಂದು ಕರೆಯಬಹುದು, ತಪ್ಪೇನಿಲ್ಲ. ಆದರೆ ಯಲಹಂಕದ ಗೇಟಿನಲ್ಲಿ ಸೆಕ್ಯುರಿಟಿಯವನು ಕರಪತ್ರ ಹಿಡಿದವರನ್ನು ಒಳಗೆ ಬಿಡುವುದಿಲ್ಲ. ಅವನೂ ದುಡಿಯುವ ವರ್ಗವೇ, ಬಹುಶಃ ಗುಡಿಬಂಡೆಯವನೇ.

ನಕ್ಷೆಯನ್ನು ಬೈದು ಬಚಾವಾಗೋಣವೆಂದರೆ ಭಾಷಣಗಳು ಬಿಡುವುದಿಲ್ಲ. ಸಂತೆ ದಿನ ಒಂದು ಬಹಿರಂಗ ಸಭೆಯನ್ನು ನೀವೂ ಕಣ್ಮುಂದೆ ತಂದುಕೊಳ್ಳಿ. ನಾಲ್ಕು ಗಂಟೆಗೆ ಎಂದು ಕೂಗಿಸಿದ್ದ ಸಭೆ ಐದೂವರೆಗೆ ಶುರು. ಭಾಷಣ ಮೊದಲು ಅಮೆರಿಕಕ್ಕೆ ಹೋಗುತ್ತದೆ. ಸಾಮ್ರಾಜ್ಯಶಾಹಿಯನ್ನು ಅದರ ಮನೆಯಲ್ಲೇ ವಿಚಾರಿಸಿಕೊಂಡು, ಕ್ಯೂಬಾದಲ್ಲಿ ಸ್ವಲ್ಪ ನಿಂತು, ಪ್ಯಾಲೆಸ್ಟೈನ್ ಮಾರ್ಗವಾಗಿ ದಿಲ್ಲಿಗೆ ಬರುತ್ತದೆ. ದಿಲ್ಲಿಯಲ್ಲಿ ಅದಾನಿ, ಅಂಬಾನಿ. ಹೇಳುವುದೆಲ್ಲ ದಿಟವೇ ಇರಬಹುದು. ಹೇಳುವವರು ಓದಿಕೊಂಡವರು, ಅಂಕಿಅಂಶ ತಪ್ಪುವುದಿಲ್ಲ. ಆದರೆ ಆ ಹೊತ್ತಿಗೆ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದವಳು ಗೋಣಿ ಮಡಚಿರುತ್ತಾಳೆ. ಚೇಳೂರು ಕಡೆಯ ಕೊನೆ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಮೈಕ್ ಸೆಟ್ಟಿನ ಹುಡುಗನಿಗೆ ರಾತ್ರಿ ಒಂದು ಮದುವೆ ಆರತಕ್ಷತೆ ಇದೆ. ಅವನು ಹಿಂದಿನ ಸ್ಪೀಕರ್ ಇಳಿಸಿ ವೈರು ಸುತ್ತಲು ಶುರು ಮಾಡಿದ್ದಾನೆ. ಸರಿಯಾಗಿ ಆಗ ಭಾಷಣಕಾರರು ಕರ್ನಾಟಕದ ಗಡಿ ಪ್ರವೇಶಿಸುತ್ತಾರೆ. ‘ಇನ್ನು ನಮ್ಮ ತಾಲ್ಲೂಕಿನ ಕುಡಿಯುವ ನೀರಿನ ಸಮಸ್ಯೆಗೆ ಬಂದರೆ…’ ಅನ್ನುವಷ್ಟರಲ್ಲಿ ಉಳಿದಿದ್ದ ಒಂದು ಸ್ಪೀಕರೂ ಕೊರ್‍ರ್ ಎನ್ನುತ್ತದೆ. ನೀರಿನ ಸಮಸ್ಯೆಯನ್ನು ಮುಂದಿನ ಸಾಲಿನಲ್ಲಿ ಕೂತ ಹದಿನೈದು ಜನ ಕೇಳಿಸಿಕೊಳ್ಳುತ್ತಾರೆ. ಅವರೆಲ್ಲ ಪಕ್ಷದ ಸದಸ್ಯರು, ಹೋದ ವಾರದ ಸಮಿತಿ ಸಭೆಯಲ್ಲಿ ಅದನ್ನು ಆಗಲೇ ಒಮ್ಮೆ ಕೇಳಿದವರು.

ಬೇರೆ ಪಕ್ಷದವರಿಗೆ ಇಷ್ಟು ಉದ್ದದ ಪ್ರವಾಸ ಮಾಡುವ ಕಷ್ಟವಿಲ್ಲ. ಅವರು ಜನರನ್ನೇ ಪ್ರವಾಸಕ್ಕೆ ಕಳಿಸುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹೆಂಗಸರಿಗೆ ಓಂ ಶಕ್ತಿ ಬಸ್ಸು ಅಂದರೆ ಬಿಡಿಸಿ ಹೇಳಬೇಕಿಲ್ಲ. ಕೆಂಪು ಸೀರೆ ಉಟ್ಟು ತಮಿಳುನಾಡಿನ ಮೇಲ್‌ಮರುವತ್ತೂರಿನ ಅಮ್ಮನ ಗುಡಿಗೆ ಹೋಗಿ ಬರುವ ಬಸ್ಸುಗಳ ಮುಂದೆ ಯಾರದೋ ಫೋಟೊದ ಬ್ಯಾನರ್ ಇರುತ್ತದೆ, ಫೋಟೊದಲ್ಲಿ ಕೈಮುಗಿದಿರುತ್ತಾರೆ. ಊರಿಗೂರೇ ಕೆಂಪು ಬಟ್ಟೆ ತೊಟ್ಟು ಬಸ್ಸು ಹತ್ತಿದ್ದನ್ನು ಕಂಡು ಹಳೆಯ ಕಾಮ್ರೇಡ್ ಒಬ್ಬರಿಗೆ ಅರೆಗಳಿಗೆ ಕ್ರಾಂತಿಯೇ ಬಂತೆನಿಸಿದ್ದರೆ ಅದರಲ್ಲಿ ಅವರ ತಪ್ಪಿಲ್ಲ. ಎಡಪಕ್ಷದವರಾದರೋ ಅದೇ ಬೀದಿಗೆ ಡಬ್ಬಿ ಹಿಡಿದು ಬರುತ್ತಾರೆ. ಚುನಾವಣಾ ನಿಧಿಗೆ ಹತ್ತು ರೂಪಾಯಿ ಕೊಡಿ ಎಂದು ಮತದಾರನ ಹತ್ತಿರವೇ ಕೇಳಿ, ಕೊಟ್ಟ ಮೇಲೆ ಕಾರ್ಬನ್ ಇಟ್ಟು ರಸೀದಿ ಹರಿದುಕೊಡುತ್ತಾರೆ. ಬೇರೆಯವರು ರಾತ್ರಿ ಬಂದು ಐನೂರು ಕೊಟ್ಟು ರಸೀದಿ ಕೇಳದೆ ಹೋಗುತ್ತಾರೆ. ಆದರೂ ನಮ್ಮ ಜನ ಪ್ರಾಮಾಣಿಕರು. ಐನೂರಕ್ಕೆ ಓಟು ಹಾಕಿ ಋಣ ತೀರಿಸುತ್ತಾರೆ. ಹತ್ತು ರೂಪಾಯಿಯ ಲೆಕ್ಕದಲ್ಲಿ ಋಣ ಇರುವುದು ಪಕ್ಷದ ಮೇಲೆ, ಇವರ ಮೇಲಲ್ಲ.

ದಿಲ್ಲಿಯ ಲೆಕ್ಕ ಇದಕ್ಕಿಂತ ಚೊಕ್ಕಟ. ಲೋಕಸಭೆಯಲ್ಲಿ ಸಿಪಿಎಂಗೆ 2004ರಲ್ಲಿ 43 ಸ್ಥಾನ, 2009ರಲ್ಲಿ 16, 2014ರಲ್ಲಿ 9, 2019ರಲ್ಲಿ 3. ಹೀಗೇ ಹೋದರೆ 2024ಕ್ಕೆ ಸೊನ್ನೆ ಎಂದು ಗಣಿತದ ಮೇಷ್ಟ್ರು ಹೇಳಬಹುದಿತ್ತು. ಆದರೆ 4 ಬಂತು. ಮೂರರಿಂದ ನಾಲ್ಕಕ್ಕೆ! ಶೇಕಡ 33ರ ಬೆಳವಣಿಗೆ, ಯಾವ ಕಾರ್ಪೊರೇಟ್ ಕಂಪನಿಗೂ ಸಾಧ್ಯವಾಗದ್ದು. ಆ ನಾಲ್ಕರಲ್ಲಿ ಎರಡು ತಮಿಳುನಾಡಿನಲ್ಲಿ ಡಿಎಂಕೆ ಹೆಗಲ ಮೇಲೆ ಕೂತು ಬಂದವು, ಒಂದು ರಾಜಸ್ಥಾನದ ಸಿಕರ್‌ನಿಂದ, ಇನ್ನೊಂದು ಕೇರಳದ ಆಲತ್ತೂರಿನಿಂದ. 1977ರಿಂದ 2011ರವರೆಗೆ ಸತತ 34 ವರ್ಷ ಆಳಿದ ಬಂಗಾಳದಿಂದ ಒಂದೂ ಇಲ್ಲ. 2019ರಲ್ಲೂ ಇರಲಿಲ್ಲ.

ಇವರಿಗೆ ಕುರ್ಚಿ ಸಿಗಲೇ ಇಲ್ಲವೆಂದೇನಲ್ಲ. 1996ರಲ್ಲಿ ಪ್ರಧಾನಿ ಪಟ್ಟವೇ ಜ್ಯೋತಿ ಬಸು ಅವರ ಬಾಗಿಲಿಗೆ ಬಂದಿತ್ತು. ಕೇಂದ್ರ ಸಮಿತಿ ಕೂತು, ಚರ್ಚಿಸಿ, ಮತಕ್ಕೆ ಹಾಕಿ, ಬೇಡ ಎಂದಿತು. ಅದು ಚಾರಿತ್ರಿಕ ಪ್ರಮಾದ ಎಂದು ಬಸು ಅವರೇ ಆಮೇಲೆ ಹೇಳಿದರು. ಆ ಪ್ರಮಾದದಿಂದ ಕನ್ನಡಿಗರಿಗಂತೂ ಲುಕ್ಸಾನಾಗಲಿಲ್ಲ, ಕುರ್ಚಿ ಸೀದಾ ಹಾಸನದ ದೇವೇಗೌಡರಿಗೆ ಬಂತು. ಪ್ರಧಾನಿ ಮನೆಯ ಊಟಕ್ಕೆ ರಾಗಿಮುದ್ದೆ ಹೋಗಿದ್ದರ ಹಿಂದೆ ಕೇಂದ್ರ ಸಮಿತಿಯ ಬಹುಮತ ಇದೆಯೆಂಬುದನ್ನು ನಾವು ಮರೆಯಬಾರದು. 2008ರಲ್ಲಿ ಅಮೆರಿಕದ ಅಣು ಒಪ್ಪಂದ ಬೇಡವೆಂದು ಮನಮೋಹನ್ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ವಾಪಸ್ ಪಡೆದರು. ಸ್ಪೀಕರ್ ಪೀಠದಿಂದ ಇಳಿಯಲಿಲ್ಲವೆಂದು ಸೋಮನಾಥ ಚಟರ್ಜಿಯಂಥವರನ್ನೇ ಪಕ್ಷದಿಂದ ತೆಗೆದರು. ಮರುವರ್ಷ ಅದನ್ನೇ ಹಿಡಿದು ಓಟು ಕೇಳಲು ಹೊರಟರೆ ರೈತ ಕೇಳುವುದೇನು? ‘ಅದೆಲ್ಲ ಸರಿ ಸ್ವಾಮಿ, ತ್ರೀಫೇಸ್ ಕರೆಂಟು ರಾತ್ರಿ ಎಷ್ಟು ಗಂಟೆಗೆ ಬಿಡ್ತಾರೆ?’

ಇನ್ನು ಮೈತ್ರಿ. 2024ರಲ್ಲಿ ದಿಲ್ಲಿಯ ವೇದಿಕೆ ಮೇಲೆ ಕಾಂಗ್ರೆಸ್ ಜೊತೆ ಕೈ ಕೈ ಹಿಡಿದು ಎತ್ತಿದ್ದು ಟಿವಿಯಲ್ಲಿ ಬಂತು. ವಯನಾಡಿನಲ್ಲಿ ರಾಹುಲ್ ಗಾಂಧಿ ಎದುರಿಗೆ ಸಿಪಿಐನ ಆ್ಯನಿ ರಾಜಾ ನಿಂತಿದ್ದೂ ಅದೇ ಟಿವಿಯಲ್ಲಿ ಬಂತು. ಬಂಗಾಳದಲ್ಲಿ ಕಾಂಗ್ರೆಸ್ ಜೊತೆ, ಕೇರಳದಲ್ಲಿ ಎದುರು. ಚಿಕ್ಕಬಳ್ಳಾಪುರಕ್ಕೆ ಬಂದರೆ ಮತ್ತೆ ಎದುರು. ಇದರಲ್ಲಿ ಗೊಂದಲವೇನೂ ಇಲ್ಲ, ಪ್ರತಿ ರಾಜ್ಯದ ವಸ್ತುನಿಷ್ಠ ಪರಿಸ್ಥಿತಿ ಬೇರೆ ಬೇರೆ ಎಂದು ವಿವರಿಸುತ್ತಾರೆ. ವಿವರಣೆ ಅರ್ಥವೂ ಆಗುತ್ತದೆ. ಆದರೆ ಓಟು ಒತ್ತುವ ಜಾಗದಲ್ಲಿ ವಿವರಣೆ ಅಂಟಿಸಲು ಆಯೋಗ ಬಿಡುವುದಿಲ್ಲ. ‘ಅಲ್ಲ, ಕಮ್ಯುನಿಸ್ಟ್ ಪಾರ್ಟಿ ಎರಡು ಯಾಕಿವೆ?’ ಎಂದು ಯಾರಾದರೂ ಕೇಳಿಬಿಟ್ಟರಂತೂ ಮುಗಿಯಿತು. ಉತ್ತರ 1962ರ ಚೀನಾ ಯುದ್ಧದಿಂದ ಹೊರಟು 1964ರ ಒಡಕಿಗೆ ಬರುವಷ್ಟರಲ್ಲಿ, ಕೇಳಿದವನು ತೆನೆ ಹೊತ್ತ ಮಹಿಳೆಯನ್ನೂ ತೆನೆ-ಕುಡುಗೋಲನ್ನೂ ಒಂದೇ ಪಕ್ಷವೆಂದು ತೀರ್ಮಾನಿಸಿ ಟೀ ಮುಗಿಸಿ ಎದ್ದಿರುತ್ತಾನೆ.

ಹೊರದೇಶಗಳಲ್ಲೂ ಎಡಪಕ್ಷಗಳು ಹೀಗೇ ಸೋಲುತ್ತಿವೆ ಎಂಬ ಸಮಾಧಾನ ನಮ್ಮ ಕಾಮ್ರೇಡುಗಳಿಗಿದೆ. ಬ್ರಿಟನ್ನಿನ ಲೇಬರ್ ಪಕ್ಷ ಎಂಬತ್ತಮೂರರಲ್ಲಿ ಹೊರಡಿಸಿದ ಪ್ರಣಾಳಿಕೆಯನ್ನು ಆ ಪಕ್ಷದವರೇ ಆದ ಜೆರಾಲ್ಡ್ ಕಾಫ್‌ಮನ್ ‘ಚರಿತ್ರೆಯ ಅತಿ ಉದ್ದದ ಆತ್ಮಹತ್ಯಾ ಪತ್ರ’ ಎಂದು ಗೇಲಿ ಮಾಡಿದ್ದರು. ಬಾಗೇಪಲ್ಲಿಯ ಸೋಲಿಗೆ ಲಂಡನ್ನಿನಲ್ಲಿ ಜೊತೆ ಸಿಕ್ಕಿದ್ದು ಸಣ್ಣ ಮಾತಲ್ಲ. ಆದರೆ ಲೇಬರಿನವರು ಆಮೇಲೆ ಮೂರು ಸಲ ಗೆದ್ದು ಬ್ಲೇರ್ ಕೈಗೆ ದೇಶ ಕೊಟ್ಟರಲ್ಲ ಎಂದು ಕೇಳಿ ನೋಡಿ. ‘ಅದು ಗೆಲುವೇ ಅಲ್ಲ, ಶರಣಾಗತಿ’ ಎನ್ನುತ್ತಾರೆ. ಸೋತರೆ ಪರಿಸ್ಥಿತಿ, ಗೆದ್ದರೆ ಶರಣಾಗತಿ. ಇಂಥ ಪಕ್ಷವನ್ನು ಸೋಲಿಸುವುದು ಎದುರಾಳಿಗೆ ಎಷ್ಟು ಸಲೀಸು!

ಹಾಗಂತ ಗೆದ್ದವರ ಅಂಕಪಟ್ಟಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಈ ಸೀಮೆಯಲ್ಲಿ ಸಾವಿರ, ಸಾವಿರದೈನೂರು ಅಡಿ ಕೊರೆದರೆ ಬರುವುದು ಧೂಳು. ಅಪ್ಪಿತಪ್ಪಿ ನೀರು ಬಂದರೆ ಅದರಲ್ಲಿ ಫ್ಲೋರೈಡು. 2012ರಲ್ಲಿ ಎಂಟು ಸಾವಿರ ಕೋಟಿ ಚಿಲ್ಲರೆ ಎಂದಿದ್ದ, ಪಶ್ಚಿಮ ಘಟ್ಟದಿಂದ ಇಲ್ಲಿಗೆ ನೀರು ತರುವ ಎತ್ತಿನಹೊಳೆ ಯೋಜನೆಯ ಲೆಕ್ಕ ಈಗ 23 ಸಾವಿರ ಕೋಟಿ ದಾಟಿದೆ. 2014ರ ಲೋಕಸಭೆ ಚುನಾವಣೆಯ ಹೊಸ್ತಿಲಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದರು, 2024ರ ಚುನಾವಣೆ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಕಡೆ ಪಂಪು ಚಾಲೂ ಮಾಡಿ ಬಾಗಿನ ಬಿಟ್ಟರು. ಅಡಿಗಲ್ಲಿಗೂ ಬಾಗಿನಕ್ಕೂ ನಡುವಿನ ಹತ್ತು ವರ್ಷದಲ್ಲಿ ಈ ಕ್ಷೇತ್ರ ಮೊಯ್ಲಿಯವರನ್ನು ನೋಡಿತು, ಬಚ್ಚೇಗೌಡರನ್ನು ನೋಡಿತು, ಈಗ ಸುಧಾಕರ್ ಅವರನ್ನು ನೋಡುತ್ತಿದೆ. ಅಷ್ಟರೊಳಗೆ ಬೆಂಗಳೂರಿನವರು ಮಿಂದು, ತೊಳೆದು, ಫ್ಲಶ್ ಮಾಡಿ ಬಿಟ್ಟ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸಿದರು. ಮೂರನೇ ಹಂತವೂ ಆಗಲಿ ಎಂದು ಬೀದಿಗಿಳಿದವರನ್ನು ಜನ ಬೆನ್ನು ತಟ್ಟಿದರು. ಓಟು ಅಡಿಗಲ್ಲಿನ ಪಕ್ಷಗಳಿಗೇ ಹೋಯಿತು.

2019ರಲ್ಲಿ ಸಿಪಿಎಂ ಇಲ್ಲಿ ಎಸ್. ವರಲಕ್ಷ್ಮಿಯವರನ್ನು ನಿಲ್ಲಿಸಿತ್ತು. ಅಂಗನವಾಡಿ ಕಾರ್ಯಕರ್ತೆಯರ ಹೋರಾಟದ ಮುಂಚೂಣಿಯಲ್ಲಿರುವವರು. ಕ್ಷೇತ್ರದಲ್ಲಿ ಎಷ್ಟು ಅಂಗನವಾಡಿ, ಎಷ್ಟು ಬಿಸಿಯೂಟದ ಅಮ್ಮಂದಿರು, ಎಷ್ಟು ಆಶಾಗಳು, ಅವರ ಮನೆಯ ಗಂಡಂದಿರು, ಅತ್ತೆಯರು! ಎಲ್ಲರೂ ಒತ್ತಿದ್ದರೆ ಸಾಕಿತ್ತು. ಠೇವಣಿ ಉಳಿಯಲಿಲ್ಲ. ಅದೇ ಹೆಂಗಸರು 2023ರ ಆರಂಭದಲ್ಲಿ ಗ್ರಾಚ್ಯುಟಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಇದೇ ಕೆಂಬಾವುಟದ ಕೆಳಗೆ ಚಳಿಯಲ್ಲಿ ರಾತ್ರಿಯೆಲ್ಲ ಮಲಗಿದ್ದರು.

ಚೇಳೂರು ರಸ್ತೆಯ ಬಸ್‌ಸ್ಟಾಪಿನಲ್ಲಿ ಇಂಥ ಒಬ್ಬಾಕೆಯನ್ನು ಯೂನಿಯನ್ನಿನ ಕಾಮ್ರೇಡ್ ಒಬ್ಬರು ಕೇಳಿಯೇಬಿಟ್ಟರು, ಸ್ವಲ್ಪ ನೊಂದುಕೊಂಡೇ. ಆಕೆ ಕೈಲಿದ್ದ ಮೊಟ್ಟೆಯ ಟ್ರೇ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಮಗುವಿಗೆ ಕಾಗುಣಿತ ಹೇಳಿಕೊಡುವ ದನಿಯಲ್ಲಿ ಹೇಳಿದಳು: ‘ಅಣ್ಣಾ, ಯೂನಿಯನ್ ಬೇರೆ, ಓಟು ಬೇರೆ. ಆ ಗೆದ್ದೋರನ್ನ ನೋಡಿ, ಒಂದಿನನಾದ್ರೂ ನಮ್ ಜೊತೆ ರೋಡಲ್ಲಿ ಕೂತವ್ರಾ? ನಿಮ್ಮನ್ನೂ ಗೆಲ್ಸಿಬಿಟ್ರೆ ನಮಗೋಸ್ಕರ ಧರಣಿ ಕೂರೋರ್ಯಾರು?’

ಕಾಮ್ರೇಡ್, ನಾವು ಹಾಗಲ್ಲಮ್ಮ, ಅಧಿಕಾರ ಬಂದರೂ ಬದಲಾಗುವವರಲ್ಲ ಎಂದು ಶುರು ಮಾಡಿದರು.

‘ಕೇರಳದಲ್ಲಿ ಹೋದ್ ಸಲ ನಿಮ್ದೇ ಗೌರ್ಮೆಂಟ್ ಇತ್ತಲ್ಲಣ್ಣ. 2025ರಲ್ಲಿ ಅಲ್ಲಿ ಆಶಾಗಳು ಸೆಕ್ರೆಟರಿಯೇಟ್ ಮುಂದೆ ಕೂತ್ರು, ಮಳೇಲಿ ನೆಂದ್ರು. ಮೊಬೈಲಲ್ಲಿ ಬಂತು. ಯಾರ ವಿರುದ್ಧ ಕೂತಿದ್ದು?’

ಕಾಮ್ರೇಡ್ ಅಲ್ಲಿನ ವಸ್ತುನಿಷ್ಠ ಪರಿಸ್ಥಿತಿ ಬೇರೆ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಬಸ್ಸು ಬಂತು. ಆಕೆ ಟ್ರೇ ಎತ್ತಿಕೊಂಡು, ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದಳು.

‘ಸೋಮವಾರ ಫ್ರೀಡಂ ಪಾರ್ಕಿಗೆ ಎಷ್ಟೊತ್ತಿಗೆ ಹೊರಡೋದು?’

‘ಐದಕ್ಕೆ. ಬುತ್ತಿ ಕಟ್ಕೊಂಡು ಬನ್ನಿ’ ಎಂದರು ಕಾಮ್ರೇಡ್, ಬಸ್ ಚಾರ್ಜು ಈಗಲೇ ಕೊಡ್ತೀರಾ ಎಂದು ಜೋಳಿಗೆಯಿಂದ ರಸೀದಿ ಪುಸ್ತಕ ತೆಗೆಯುತ್ತಾ.