ಫೋನು ನಡೆಯಿತು, ಪಾಯಿಂಟು ಬಂತು

ಹೆಜ್ಜೆ ಎಣಿಸುವ ಆ್ಯಪ್ಪಿಗೆ ಕಾಲು ಕಾಣುವುದಿಲ್ಲ. ಫೋನಿನೊಳಗಿನ ಆಕ್ಸಿಲೆರೋಮೀಟರ್‌ಗೆ ತಿಳಿಯುವುದು ಕುಲುಕಾಟ ಮಾತ್ರ. ಸೆಕೆಂಡಿಗೆ ಎರಡರ ಆಸುಪಾಸಿನಲ್ಲಿ ಲಯಬದ್ಧವಾಗಿ ಕುಲುಕಿದರೆ ಅದರ ಪಾಲಿಗೆ ಯಜಮಾನರು ನಡೆಯುತ್ತಿದ್ದಾರೆ ಎಂದೇ ಲೆಕ್ಕ. ಶಿರಸಿ ಸೀಮೆಯಲ್ಲಿ ಹೆಜ್ಜೆಗೆ ಪಾಯಿಂಟು ಕೊಡುವ ಇಂಥ ಆಟವೊಂದನ್ನು ಬಿಟ್ಟು ನೋಡಿ: ಜಗಲಿಯಲ್ಲಿ ಕವಳ ಹಾಕುತ್ತ ಕೂತಲ್ಲೇ ಎಡಗೈಯಲ್ಲಿ ಫೋನು ಅಲ್ಲಾಡಿಸಿ ಮೂರು ಸಾವಿರ ದಾಟುವವರು ಮೊದಲ ಸಂಜೆಯೇ ಹುಟ್ಟಿಕೊಳ್ಳುತ್ತಾರೆ. "ಯಂದು ಹತ್ತು ಸಾವ್ರ ಆತು, ನಿಂದು ಎಷ್ಟಾತೋ ಮಾಣಿ?" ಎಂಬ ಪ್ರಶ್ನೆ ಬರುವ ಹೊತ್ತಿಗೆ ಮಾಣಿಯ ಫೋನು ಕರುವಿನ ಕೊರಳಲ್ಲಿರುತ್ತದೆ. ಅತ್ತ ಬೆಳಗಿನಿಂದ ಕೊಟ್ಟಿಗೆ, ಬಾವಿಕಟ್ಟೆ, ತೋಟ, ಅಡಿಗೆಮನೆ ಎಂದು ಸುತ್ತಿದ ಮನೆಯೊಡತಿಯ ಫೋನು ಚಾರ್ಜಿಗಿಟ್ಟಲ್ಲೇ ಇರುತ್ತದೆ. ರಾತ್ರಿ ಆ್ಯಪ್ ಆಕೆಗೆ "ಇವತ್ತು 212 ಹೆಜ್ಜೆ. ಸ್ವಲ್ಪ ಮೈ ಬಗ್ಗಿಸಿ" ಎನ್ನುತ್ತದೆ. ಆ ಸಾಲು ಬರೆದ ಪ್ರೋಗ್ರಾಮರ್ ಆ ಮನೆಗೆ ಹೋದರೆ ಆಸರಿಗೆ (ಕುಡಿಯಲು) ಎಂತ ಬೇಕೆಂದು ಕೇಳುವವರಿರುವುದಿಲ್ಲ.

ಕಳ್ಳ ಹೆಜ್ಜೆ ಹಿಡಿಯಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೆಂದರೆ, ಜಿಪಿಎಸ್‌ನಲ್ಲಿ ಜಾಗ ಬದಲಾಗದಿದ್ದರೆ ಹೆಜ್ಜೆ ರದ್ದು. ಆಷಾಢದಲ್ಲಿ ಇದು ಕೈಕೊಡುತ್ತದೆ. ಜಡಿಮಳೆಗೆ ಹೊರಬೀಳಲಾಗದೆ ಜಗಲಿಯ ಉದ್ದಕ್ಕೂ ಶತಪಥ ಹಾಕಿದವರು ಪಾಪ ಪ್ರಾಮಾಣಿಕರು. ಲಯದ ಪರೀಕ್ಷೆಯೇ ವಾಸಿ. ನಡಿಗೆಯಲ್ಲಿ ನಿಮಿಷಕ್ಕೆ 100ರಿಂದ 120 ಹೆಜ್ಜೆ, ಓಟದಲ್ಲಿ 150ರಿಂದ 180. 220 ದಾಟಿದ್ದನ್ನು ಧಾರಾಳವಾಗಿ ಬಿಸಾಡಬಹುದು. ಮನುಷ್ಯನಾದವನು ನಡುವೆ ನಿಲ್ಲುತ್ತಾನೆ, ಅಡಿಕೆ ರೇಟು ಕೇಳುತ್ತಾನೆ. ತಾಸುಗಟ್ಟಲೆ ಒಂದೇ ವೇಗ ಕಂಡರೆ ಅನುಮಾನಿಸಬೇಕು. ಹೆಜ್ಜೆ ಏರುತ್ತಿದೆ, ಜೊತೆಗೆ ಜಿಪಿಎಸ್ ವೇಗ ಗಂಟೆಗೆ 25 ಕಿ.ಮೀ. ಮೀರಿ ಹಾಗೇ ಸಾಗಿದೆ ಎಂದರೆ ಆಸಾಮಿ ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿದ್ದಾನೆ, ಎಣಿಕೆಯಾದದ್ದು ರಸ್ತೆಯ ಹೊಂಡ. ಕರುವನ್ನು ಹಿಡಿಯುವ ಸೂತ್ರ ಮಾತ್ರ ಕಷ್ಟ. ಅದೂ ನಡುನಡುವೆ ನಿಲ್ಲುತ್ತದೆ.

ಆಂಡ್ರಾಯ್ಡ್‌ನ ಹೆಜ್ಜೆ ಸೆನ್ಸರ್‌ಗೆ ಇನ್ನೊಂದು ಚಾಳಿಯಿದೆ. ಅದು ಹೇಳುವುದು ಇವತ್ತಿನ ಹೆಜ್ಜೆಯನ್ನಲ್ಲ. ಫೋನು ಕಡೆಯ ಸಲ ಆನ್ ಆದಂದಿನಿಂದ ಆದ ಒಟ್ಟು ಮೊತ್ತವನ್ನು. ಹೊಸ ಮೊತ್ತದಿಂದ ಹಳೆಯದನ್ನು ಕಳೆದು ದಿನದ ಲೆಕ್ಕ ತೆಗೆಯಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ, ಚಾರ್ಜು ಮುಗಿದು, ಫೋನು ಸತ್ತು ಮರುಹುಟ್ಟು ಪಡೆದರೆ ಮೊತ್ತ ಸೊನ್ನೆಗೆ ಬರುತ್ತದೆ. ಆಗ 300ರಿಂದ 52,000 ಕಳೆದು, ಪಟ್ಟಿಯಲ್ಲಿ ಒಬ್ಬರು ಮೈನಸ್ 51,700 ಹೆಜ್ಜೆ ನಡೆದು ಗೋಕರ್ಣಕ್ಕೆ ಹಿಮ್ಮುಖವಾಗಿ ಹೋಗಿ ಬಂದವರಂತೆ ಕಾಣಿಸುತ್ತಾರೆ. ಹೊಸ ಮೊತ್ತ ಹಳೆಯದಕ್ಕಿಂತ ಚಿಕ್ಕದಾದರೆ ಕಳೆಯುವ ಗೋಜಿಗೆ ಹೋಗದೆ ಹೊಸದನ್ನೇ ಕೂಡಿಸಿಬಿಡಿ. ಆರಿಹೋಗುವ ಮುಂಚಿನ ಹೆಜ್ಜೆ ಉಳಿಯಬೇಕಾದರೆ ಆಗಾಗ ಫೋನಿನಲ್ಲೇ ಬರೆದಿಡಬೇಕು. ವರ್ಕ್‌ಮ್ಯಾನೇಜರ್ (ತೆರೆಮರೆಯ ಕೆಲಸಗಳನ್ನು ಹೊತ್ತುಹೊತ್ತಿಗೆ ಮಾಡಿಸುವ ಆಂಡ್ರಾಯ್ಡ್ ಸೌಲಭ್ಯ) 15 ನಿಮಿಷಕ್ಕಿಂತ ಬೇಗ ಬೇಗ ಎದ್ದು ಈ ಕೆಲಸ ಮಾಡುವುದಿಲ್ಲ. ಆಂಡ್ರಾಯ್ಡ್ 10ರಿಂದೀಚೆಗೆ ಚಟುವಟಿಕೆ ಗಮನಿಸಲು ಪ್ರತ್ಯೇಕ ಅನುಮತಿ ಬೇಕು. ಅದನ್ನು ಕೇಳುವ ಮೊದಲು ಏಕೆಂದು ಎರಡು ಸಾಲು ಕನ್ನಡದಲ್ಲಿ ಹೇಳದಿದ್ದರೆ ಎಲ್ಲರೂ 'ಬೇಡ' ಒತ್ತುತ್ತಾರೆ.

ಎಲ್ಲಕ್ಕಿಂತ ದೊಡ್ಡ ಜಗಳ ತರುವುದು ನಡುರಾತ್ರಿ. ಸರ್ವರ್ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಬದುಕುತ್ತದೆ. ಅದರ ನಡುರಾತ್ರಿ ನಮ್ಮ ಬೆಳಗಿನ 5:30, ಅಂದರೆ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ವಾಕಿಂಗಿನವರು ಬರುವ ಹೊತ್ತು. ಸೋಮವಾರ 5ಕ್ಕೆ ಹೊರಟು ಅರ್ಧ ಗಂಟೆಯಲ್ಲಿ ಮುಗಿಸಿದವರು ಮಂಗಳವಾರ ತಡವಾಗಿ ಎದ್ದು 6ಕ್ಕೆ ನಡೆದರೆನ್ನಿ. ಮೊದಲ ನಡಿಗೆ ಭಾನುವಾರದ ಖಾತೆಗೆ, ಎರಡನೆಯದು ಮಂಗಳವಾರದ್ದಕ್ಕೆ. ಸೋಮವಾರ ಖಾಲಿ, ತಿಂಗಳಿಡೀ ಕಾಪಾಡಿದ ಸ್ಟ್ರೀಕ್, ಅಂದರೆ ಒಂದು ದಿನವೂ ತಪ್ಪದ ಸರಣಿ, ಕಡಿದುಹೋಯಿತು! ಸಮಯವನ್ನು ಯುಟಿಸಿಯಲ್ಲೇ ಇಡಿ, ಆದರೆ ಪ್ರತಿ ದಾಖಲೆಯ ಜೊತೆ ಫೋನಿನ ಸ್ಥಳೀಯ ದಿನಾಂಕವನ್ನೂ ಕಳಿಸಿ, ದಿನದ ಲೆಕ್ಕ ಅದರಂತೆ ನಡೆಯಲಿ. ಜಿಲ್ಲಾಧಿಕಾರಿಗಳು ಶಾಲೆಗೆ ಮಳೆ ರಜೆ ಕೊಡುವ ಜಿಲ್ಲೆಯಲ್ಲಿ ಆ್ಯಪ್ಪೂ ವಾರಕ್ಕೆರಡು ರಜೆ ಕೊಟ್ಟರೆ ನಷ್ಟವೇನಿಲ್ಲ.

ಜಿಪಿಎಸ್ ಬಯಲಿನಲ್ಲಿ ಸುಮಾರು 5 ಮೀಟರ್ ಅತ್ತಿತ್ತ ತಪ್ಪುತ್ತದೆ. ಅಡಿಕೆ ತೋಟದ ದಟ್ಟ ಸೋಗೆಯ ಕೆಳಗೆ ಅದಕ್ಕಿಂತ ಬಹಳ ಹೆಚ್ಚು. ಕೂತವರ ಚುಕ್ಕಿ ಕಾಲುವೆ ಹಾರಿ ಪಕ್ಕದವರ ತೋಟಕ್ಕೆ ಹೋಗಿ ಬರುತ್ತದೆ, ಪ್ರತಿ ಹಾರಾಟವೂ ದೂರಕ್ಕೆ ಕೂಡುತ್ತದೆ. 25 ಮೀಟರಿಗಿಂತ ಹೆಚ್ಚು ಅನಿಶ್ಚಿತವಾದ ಚುಕ್ಕಿಗಳನ್ನು ಬಿಟ್ಟು, ಹೆಜ್ಜೆ ಏರದಿದ್ದರೆ ದೂರವನ್ನೂ ಏರಿಸದಿದ್ದರಾಯಿತು. ನಕಾಶೆಯನ್ನು ಊರಿಗೆಲ್ಲ ತೋರಿಸುವ ಚಪಲ ಬೇಡ. ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್ಪಿನ, ಜನ ಓಡಾಡಿದ ದಾರಿಗಳು ಹೊಳೆಯುವ ಹೀಟ್‌ಮ್ಯಾಪಿನಲ್ಲಿ ಸೈನಿಕರ ಓಟದ ಗೆರೆಗಳಿಂದ ಸೇನಾ ನೆಲೆಗಳು ಕಂಡುಬಂದವೆಂದು 2018ರ ಜನವರಿಯಲ್ಲಿ ಜಗತ್ತಿನಾದ್ಯಂತ ಗುಲ್ಲೆದ್ದಿತ್ತು. ಕಾರವಾರದ ಪಕ್ಕ ಅರಗಾದಲ್ಲಿ ನೌಕಾನೆಲೆಯೇ ಇದೆ. ನೌಕಾಪಡೆಯ ಮಾತು ಹಾಗಿರಲಿ, ಯಾರು ಎಷ್ಟು ಹೊತ್ತಿಗೆ ಯಾರ ಮನೆ ಓಣಿಯಲ್ಲಿ ತಿರುಗಿದರೆಂಬ ಸುದ್ದಿ ಸಣ್ಣ ಊರಿಗೆ ಸಾಕಷ್ಟಾಯಿತು. ನಡಿಗೆಯ ಮೊದಲ ಮತ್ತು ಕೊನೆಯ 200 ಮೀಟರ್ ಅಳಿಸಿ, ನಕಾಶೆ ತಾನಾಗಿ ಮುಚ್ಚಿಯೇ ಇರಲಿ.

ಇನ್ನು ಆಟದ ಅಂಕ. ಹತ್ತು ಸಾವಿರದ ಗುರಿ ಹಬ್ಬಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪೆಡೋಮೀಟರ್ ಒಂದರಿಂದ. ಎಲ್ಲರಿಗೂ ಅದನ್ನೇ ಹೇರಿದರೆ ಪಟ್ಟಿಯ ಮೇಲಿನ ಮೂವರು ಆಡುತ್ತಾರೆ, ಉಳಿದವರು ನೋಡುತ್ತಾರೆ, ಆಮೇಲೆ ನೋಡುವುದನ್ನೂ ಬಿಡುತ್ತಾರೆ. ಐದಾರು ಜನರ ಗುಂಪು ಮಾಡಿ, ಅವರವರ ಹಿಂದಿನ ಲೆಕ್ಕದ ಮೇಲೆ ಶೇಕಡಾವಾರು ಏರಿಕೆಗೆ ಅಂಕ ಕೊಡಬೇಕು. 2,000ದಿಂದ 2,500ಕ್ಕೆ ಬಂದ ಅಜ್ಜಿಗೆ 25 ಅಂಕ, 14,000ದಲ್ಲೇ ನಿಂತ ಅಂಚೆಯಣ್ಣನಿಗೆ ಸೊನ್ನೆ. ನ್ಯಾಯವೇ. ಆದರೆ ನಿವೃತ್ತ ಮಾಸ್ತರರಿಗೆ ಈ ಗುಟ್ಟು ತಿಳಿಯಲು ಒಂದು ವಾರ ಸಾಕು: ಮೊದಲ ವಾರವಿಡೀ ಆರಾಮ ಕುರ್ಚಿಯಿಂದ ಏಳದೆ ಸರಾಸರಿ ಇಳಿಸಿಕೊಂಡು, ಎರಡನೇ ವಾರ ಮಾರಿಗುಡಿಯವರೆಗೆ ಹೋಗಿ ಬಂದು 400 ಅಂಕ ಬಾಚುತ್ತಾರೆ. ಸರಾಸರಿಯ ಬದಲು ಕಳೆದ 4 ವಾರಗಳ ಮಧ್ಯಾಂಕ (ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆ) ಹಿಡಿಯಿರಿ, ತೀರಾ ಕಡಿಮೆ ನಡೆದ ದಿನಗಳನ್ನು ಕೈಬಿಡಿ, ವಾರದ ಏರಿಕೆ 30 ಅಂಕಕ್ಕೆ ನಿಲ್ಲಲಿ. ಈ ನಿಯಮ ಬಂದ ದಿನವೇ ಮಾಸ್ತರರಿಂದ ಮೂರು ಪುಟದ ಆಕ್ಷೇಪಣೆ ಬರುತ್ತದೆ, ತಹಶೀಲ್ದಾರರಿಗೆ ಪ್ರತಿ ಸಮೇತ. ದೂರಿನ ಪೆಟ್ಟಿಗೆಗೆ 500 ಅಕ್ಷರದ ಮಿತಿಯನ್ನು ಮೊದಲೇ ಹಾಕಿಟ್ಟಿರಿ.