ಲಾರಿ ಪ್ಲೇಟಿನ ಚಾಕುವಿಗೊಂದು ಕೆಲಸ ಬೇಕಾಗಿದೆ

ಯೂಟ್ಯೂಬಿನಲ್ಲಿ ಚಾಕು ಮಾಡುವವರು ಯಾರೂ ಮಾತಾಡುವುದಿಲ್ಲ. ಉದ್ದ ಗಡ್ಡ, ಚರ್ಮದ ಏಪ್ರನ್ನು, ಹಿಂದೆ ಒಂದು ಕಾಡು, ಸಣ್ಣಗೆ ಮಳೆ. ತುಕ್ಕು ಹಿಡಿದ ಕಬ್ಬಿಣದ ತುಂಡು ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮುಖ ಕಾಣುವಂಥ ಚಾಕುವಾಗಿ, ಗಾಳಿಯಲ್ಲಿ ಹಿಡಿದ ಕಾಗದವನ್ನು ಸರ್ರನೆ ಸೀಳುತ್ತದೆ. ರಾತ್ರಿ ಹನ್ನೊಂದರ ಮೇಲೆ ಇಂಥದ್ದನ್ನು ತೋರಿಸಬಾರದು ಅಂತ ಯಾರಾದರೂ ಕಾನೂನು ಮಾಡಬೇಕು. ನನ್ನ ಕೈಯ ಅಳತೆಗೆ, ನಾನೇ ಬರೆದ ಚಿತ್ರದಂತೆ, ಮರದ ಹಿಡಿ ಇರುವ ಒಂದು ಚಾಕು ಬೇಕೇ ಬೇಕು ಅಂತ ನನಗೂ ಅನ್ನಿಸಿಬಿಟ್ಟಿತು.

ನಮ್ಮೂರು ಸಾಗರದ ಕಡೆ. ಊರಲ್ಲಿ ಇನ್ನೂ ಒಂದು ಕುಲುಮೆ ಉಸಿರಾಡುತ್ತಿದೆ. ಹಿಂದೆ ಚರ್ಮದ ತಿದಿ ಇತ್ತಂತೆ, ಈಗ ಕರೆಂಟಿನ ಬ್ಲೋವರ್. ಕುಲುಮೆಯ ಆಚಾರ್ರು ನನ್ನ ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು, ಕನ್ನಡಕ ಇಳಿಸಿ ನೋಡಿದರು, ಕಾಗದ ತಿರುಗಿಸಿಯೂ ನೋಡಿದರು. ಆಮೇಲೆ ಕೇಳಿದರು: "ಚಂದ ಉಂಟು. ಯಾವ ಕೆಲಸಕ್ಕೆ ಮಾರಾಯ್ರೇ?"

ಸೊಪ್ಪು ಕಡಿಯುವ ಕತ್ತಿ ಬೇರೆ, ಕಾಯಿ ಒಡೆಯುವ ಕತ್ತಿ ಬೇರೆ, ಅಡಿಕೆ ಕೊನೆ ಕೊಯ್ಯುವುದಕ್ಕೇ ಇನ್ನೊಂದು. ಕೆಲಸ ಹೇಳಿದರೆ ಅವರ ಕೈ ತಾನೇ ಬಾಗು ಕೊಡುತ್ತದೆ, ಚಿತ್ರ ಬೇಕಿಲ್ಲ. ಕೊಡವರ ಪೀಚೆಕತ್ತಿಗೆ ಕೂಡ ಮದುವೆಗಂಡಿನ ಸೊಂಟದಲ್ಲಿ ಕೂರುವ ಕೆಲಸ ಇದೆಯಲ್ಲ. "ಎಲ್ಲಾದಕ್ಕೂ ಆಗುತ್ತದೆ" ಅಂದೆ. "ಎಲ್ಲಾದಕ್ಕೂ ಆಗುವುದು ಅಂತ ಒಂದಿಲ್ಲ" ಅಂದರು ಆಚಾರ್ರು, ಬೇಸರ ಮಾಡಿಕೊಳ್ಳದೆ.

ವಕೀಲ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ್ದೂ ಇದನ್ನೇ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಶಸ್ತ್ರಾಸ್ತ್ರದ ನಿಯಮಕ್ಕೆ ಬರುತ್ತದಂತೆ. ಆದರೆ ಮನೆಗೆಲಸಕ್ಕೋ ಕೃಷಿಗೋ ಅಂತಲೇ ಮಾಡಿಸಿದ್ದಾದರೆ ತೊಂದರೆ ಇಲ್ಲ. ಅಂದರೆ ಸರ್ಕಾರವೂ ಕೆಲಸ ಕೇಳುತ್ತದೆ! ನನ್ನ ಚಿತ್ರದಲ್ಲಿದ್ದದ್ದು ಹತ್ತು ಇಂಚು. ಸುಮ್ನೆ ಯಾಕೆ ಅಂತ ರಬ್ಬರ್ ತಗೊಂಡು ಎಂಟಕ್ಕೆ ಇಳಿಸಿದೆ. ಅಪ್ಪ ಮಾತ್ರ "ಅಡಿಕೆಗೆ ಅಂತ ಹೇಳಿದರೆ ಎಷ್ಟುದ್ದ ಬೇಕಾದರೂ ಮಾಡಿಸಬಹುದು" ಅಂತ ಹೇಳುತ್ತಲೇ ಇದ್ದರು.

ಕಬ್ಬಿಣಕ್ಕೆ ಅಂತ ಮನೆ ಕಟ್ಟಿ ಉಳಿದ ಕಂಬಿಯ ತುಂಡು ಒಯ್ದಿದ್ದೆ. ಅದರಲ್ಲಿ ಇಂಗಾಲ ಕಮ್ಮಿ, ಎಷ್ಟು ಕಾಯಿಸಿ ಅದ್ದಿದರೂ ಗಡಸು ಬರುವುದಿಲ್ಲ, ಅದರ ಚಾಕುವಿನಲ್ಲಿ ಬೆಣ್ಣೆ ಸವರಬಹುದು ಅಷ್ಟೇ. ಆಚಾರ್ರು ಅದನ್ನು ದನ ಕಟ್ಟುವ ಗೂಟಕ್ಕಾಯಿತು ಅಂತ ಪಕ್ಕಕ್ಕಿಟ್ಟುಕೊಂಡು, ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟೊಂದನ್ನು ಎಳೆದರು. ನಮ್ಮ ಕಡೆ ಒಳ್ಳೆಯ ಕತ್ತಿಗಳಲ್ಲಿ ಸುಮಾರು ಹಿಂದಿನ ಜನ್ಮದಲ್ಲಿ ಲಾರಿಯೋ ಜೀಪೋ ಆಗಿದ್ದವೇ.

ಬಡಿಯುವ ಕೆಲಸ ನನ್ನದು. ಆಚಾರ್ರು ಸಣ್ಣ ಸುತ್ತಿಗೆಯಿಂದ ಟಿಣ್ ಅಂತ ಜಾಗ ತೋರಿಸುತ್ತಾರೆ, ಅಲ್ಲಿಗೆ ನಾನು ದೊಡ್ಡ ಸುತ್ತಿಗೆ ಇಳಿಸಬೇಕು. ಟಿಣ್ ಅಂದದ್ದು ಒಂದು ಕಡೆ, ನನ್ನ ಢಣ್ ಇನ್ನೊಂದು ಕಡೆ. ಸುಮಾರು ಏಟು ಬರೀ ಅಡಿಗಲ್ಲಿಗೇ ಬಿದ್ದವು, ಅದರ ನಡುಕ ಮೊಣಕೈ ದಾಟಿ ಹಲ್ಲಿನವರೆಗೂ ಬಂತು. ಕೆಂಪಗೆ ಕಾದ ಕಬ್ಬಿಣಕ್ಕೆ ಬಡಿದಾಗ ಮೇಲಿನ ಪದರ ಹೊಪ್ಪಳಿಕೆಯಾಗಿ ಸಿಡಿಯುತ್ತದೆ. ಅದು ನನ್ನ ಟ್ರ್ಯಾಕ್ ಪ್ಯಾಂಟಿನ ಮೇಲೆ ಬಿದ್ದಲ್ಲೆಲ್ಲ ಒಂದೊಂದು ತೂತು. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಯೂಟ್ಯೂಬಿನ ಗಡ್ಡದವರು ಹೇಳಬಹುದಿತ್ತು, ಆದರೆ ಅವರು ಮಾತಾಡುವುದಿಲ್ಲವಲ್ಲ.

ಇನ್ನು ಹದದ ಕಥೆ. ಕಬ್ಬಿಣ ಸುಮಾರು 770 ಡಿಗ್ರಿ ಕಾದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಜಾಸ್ತಿ ಕಾಯಿಸಿ ತಟ್ಟನೆ ಅದ್ದಿದರೆ ಗಡಸಾಗುತ್ತದೆ. ಈ ವಿಜ್ಞಾನವನ್ನು ಕುಲುಮೆಗೆ ತಲುಪಿಸಲೆಂದು ನಾನು ನಮ್ಮ ಫ್ರಿಜ್ಜಿನ ಬಾಗಿಲಲ್ಲಿದ್ದ ಮೈಸೂರು ಅರಮನೆಯನ್ನು ಕಿತ್ತು ತಂದಿದ್ದೆ. ಕಾದ ಅಲಗಿನ ಹತ್ತಿರ ಒಯ್ದದ್ದೇ ತಡ, ಮೊದಲು ನಡುವಿನ ಗೋಪುರ ವಾಲಿತು, ಆಮೇಲೆ ಎರಡೂ ಕಡೆಯ ಗುಮ್ಮಟಗಳು, ಕೊನೆಗೆ ಇಡೀ ಅರಮನೆ ತೊಟ್ಟಿಕ್ಕಿತು. ಆಚಾರ್ರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು, ಎದ್ದು ಕಿಟಕಿ ಮುಚ್ಚಿದರು. ಕುಲುಮೆ ಕತ್ತಲಾಗಿರುವುದು ಬಡತನಕ್ಕಲ್ಲ, ಕತ್ತಲಿದ್ದರೆ ಮಾತ್ರ ಕಾದ ಕಬ್ಬಿಣದ ಬಣ್ಣ ಸರಿಯಾಗಿ ಕಾಣುತ್ತದೆ. ಬಣ್ಣವೇ ಅವರ ಥರ್ಮಾಮೀಟರು.

ಸ್ಪ್ರಿಂಗಿನ ಉಕ್ಕನ್ನು ನೀರಿಗೆ ಅದ್ದಿದರೆ ಸೀಳು ಬರಬಹುದು, ಎಣ್ಣೆಯೇ ಆಗಬೇಕು. ಅಮ್ಮ ಹಬ್ಬಕ್ಕೆ ಚಕ್ಕುಲಿ ಕರಿದು ಉಳಿದ ಎಣ್ಣೆಯನ್ನು ಡಬ್ಬಿಯಲ್ಲಿ ಕೊಟ್ಟಿದ್ದಳು. ಅಲಗು ಇಳಿದಾಗ ಭಗ್ ಅಂತ ಜ್ವಾಲೆ ಎದ್ದಿತು, ಅದರ ಹಿಂದೆಯೇ ಗಮ್ಮೆಂದು ಚಕ್ಕುಲಿ ವಾಸನೆ. ಶಾಲೆ ಬಿಟ್ಟು ಹೋಗುತ್ತಿದ್ದ ಮಕ್ಕಳು ಬಾಗಿಲಲ್ಲಿ ಬಂದು ನಿಂತವು, ಎರಡು ನಾಯಿಗಳೂ ಬಂದವು. ಒಳಗೆ ಚಾಕು ಕರಿಯುತ್ತಿದ್ದಾರೆ ಅಂತ ಗೊತ್ತಾದ ಮೇಲೆ ನಾಯಿಗಳಿಗೆ ಆದ ಬೇಜಾರು ನೋಡುವಂತಿರಲಿಲ್ಲ.

ಹಿಡಿಗೆ ಬೀಟೆ ಮರವೇ ಬೇಕು ಅನ್ನುವುದು ನನ್ನ ಹಟ. ಆದರೆ ಬೀಟೆ ಅಂದರೆ ಅರಣ್ಯ ಇಲಾಖೆ ನೆನಪಾಗುತ್ತದೆ, ಮರ ನಮ್ಮ ಹಿತ್ತಲಲ್ಲೇ ಇದ್ದರೂ ಅವರ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. ಕಷ್ಟ ನೋಡಲಾರದೆ ನಮ್ಮ ಭಾವ ಅಟ್ಟ ಹತ್ತಿ ಯಾವುದೋ ಹಳೇ ಬೀಟೆಯ ಪಟ್ಟಿ ಇಳಿಸಿಕೊಟ್ಟರು. ಮರದ ಆಚಾರ್ರು ಅದನ್ನು ಸೀಳಿ, ಅಲಗಿನ ಬಾಲಕ್ಕೆ ಎರಡೂ ಕಡೆ ಕೂರಿಸಿ, ಹಿತ್ತಾಳೆ ರಿವೆಟ್ ಹೊಡೆದರು. ಬೀಟೆಯ ಪುಡಿಗೆ ಅವರು ಸೀನಿದ್ದೇ ಸೀನಿದ್ದು. ಮೊದಲಿನ ಹಾಗೆ ಬಾಲ ಕಾಯಿಸಿ ಹಿಡಿಗೆ ಇಳಿಸಿ ಅರಗು ತುಂಬಿದ್ದರೆ ಅರ್ಧ ಗಂಟೆಯ ಕೆಲಸ ಅಂತ ಮರದವರು. ರಿವೆಟ್ ತೂತು ಓರೆಯಾಗಿದೆ ಅಂತ ಕುಲುಮೆಯವರು. ಇಬ್ಬರೂ ಇದನ್ನು ನನಗೇ ಹೇಳುತ್ತಿದ್ದರು, ಪಕ್ಕಪಕ್ಕದಲ್ಲೇ ಕೂತು. ಹಿಡಿ ಮಾತ್ರ ಬಹಳ ಚಂದ ಬಂತು. ಮುಂದಿನ ತಿಂಗಳು ದೊಡ್ಡಮ್ಮನ ಮಗಳು ಬಾಣಂತನಕ್ಕೆ ಅಂತ ತೊಟ್ಟಿಲು ಕೇಳಿದಾಗ, ಆ ಪಟ್ಟಿ ಎಲ್ಲಿಯದು ಅಂತ ತಿಳಿಯಿತು. ಭಾವ ಅವತ್ತಿನಿಂದ ಫೋನು ಎತ್ತುತ್ತಿಲ್ಲ.

ಚಾಕು ಅಡುಗೆಮನೆಗೆ ಬಂತು. ಲಾರಿ ಪ್ಲೇಟು ನೋಡಿ, ಬೆನ್ನು ದಪ್ಪ. ಕ್ಯಾರೆಟ್ಟನ್ನು ಇದು ಹೆಚ್ಚುವುದಿಲ್ಲ, ಸೀಳುತ್ತದೆ, ಒಂದು ಚೂರು ಕೈಯಲ್ಲಿ ಉಳಿದರೆ ಇನ್ನೊಂದು ಒಲೆಯ ಹಿಂದೆ. ಟೊಮೆಟೊ ವಿಷಯ ಬೇಡ. ಮಾವಿನಕಾಯಿ ಹೆಚ್ಚಿದ ಮೇಲೆ ಹುಳಿ ಹತ್ತಿ ಅಲಗೂ ಕಪ್ಪು, ಹೋಳೂ ಕಪ್ಪು. ಅದು ಸ್ಟೀಲ್ ಅಲ್ಲಮ್ಮ, ಕಾರ್ಬನ್ ಉಕ್ಕು, ಒರೆಸಿ ಎಣ್ಣೆ ಹಚ್ಚಿಡಬೇಕು ಅಂದರೆ, "ನನಗೆ ತಲೆಗೆ ಹಚ್ಚಿಕೊಳ್ಳಲು ಪುರುಸೊತ್ತಿಲ್ಲ" ಅಂತ ಅಮ್ಮ ಈಳಿಗೆ ಮಣೆ ಎಳೆದುಕೊಂಡು ಕೂತಳು. ಹಿಡಿಯೂ ನನ್ನ ಕೈ ಅಳತೆಯದ್ದು, ಅವಳ ಮುಷ್ಟಿಗೆ ಸಿಕ್ಕುವುದಿಲ್ಲ. ಹೆಂಡತಿ ಅದನ್ನು ಮುಟ್ಟಿಲ್ಲ, ಅವಳಿಗಿನ್ನೂ ಅರಮನೆಯ ದುಃಖ.

ಮೊನ್ನೆ ಕುಲುಮೆಯ ಆಚಾರ್ರು ಬಾಕಿ ದುಡ್ಡಿಗೆ ಅಂತ ಮನೆಗೆ ಬಂದಿದ್ದರು. ಪಾನಕ ಮಾಡಲು ಅಮ್ಮ ಚಾಕುವನ್ನು ತಲೆಕೆಳಗು ಹಿಡಿದು, ಆ ದಪ್ಪ ಬೆನ್ನಿನಿಂದ ಅಚ್ಚು ಬೆಲ್ಲವನ್ನು ಪಟಪಟ ಕುಟ್ಟುತ್ತಿದ್ದಳು. ಒಂದೇ ಏಟಿಗೆ ಎರಡು ಹೋಳು. ಇಷ್ಟು ಚೆನ್ನಾಗಿ ಬೆಲ್ಲ ಒಡೆಯುವ ಸಾಮಾನು ನಮ್ಮ ಮನೆಯಲ್ಲಿ ಹಿಂದೆಂದೂ ಇರಲಿಲ್ಲ. ಆಚಾರ್ರು ಸ್ವಲ್ಪ ಹೊತ್ತು ನೋಡಿ ನನ್ನ ಕಡೆ ತಿರುಗಿದರು.

"ಬೆಲ್ಲಕ್ಕೆ ಅಂತ ಮೊದಲೇ ಹೇಳಿದ್ದರೆ ಸಾಣೆಯ ದುಡ್ಡು ಉಳಿಯುತ್ತಿತ್ತಲ್ಲ ಮಾರಾಯ್ರೇ!"